ಕಣ್ಣಿಗೆ ಬಿಡುವ ಹನಿ

ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ನನಗೆ ಬಹುಕಾಲದಿಂದ ಪರಿಚಿತಳು. ಆಕೆಗೂ ನನಗೂ ಇರುವುದು ಒಂದೇ ರೋಗವೆಂದು ತಿಳಿದದ್ದು ಕಣ್ಣಾಸ್ಪತ್ರೆಯೊಂದರ ಬೆಂಚಿನ ಮೇಲೆ. ಅದರ ಹೆಸರು ಗ್ಲಾಕೋಮ. ಬಾಯಿಮಾತಿನಲ್ಲಿ 'ಕಣ್ಣಿನ ಪ್ರೆಷರ್'.

ಇದನ್ನು ಪೊರೆಯೆಂದು ಭ್ರಮಿಸುವವರೇ ಹೆಚ್ಚು. ಪೊರೆ ತೆಗೆದರೆ ನೋಟ ಮರಳೀತು. ಇದರಲ್ಲಿ ಹೋದದ್ದು ಹೋಯಿತು. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಒಸರಿ ಹರಿದುಹೋಗುತ್ತಿರುತ್ತದೆ. ಹರಿಯುವ ದಾರಿಗೆ ತಡೆಯಾದರೆ ಒತ್ತಡವೇರಿ, ಮಿದುಳಿಗೆ ಹೋಗುವ ನರ ನವೆಯುತ್ತದೆ. ಮೊದಲು ಅಳಿಯುವುದು ಅಂಚಿನ ನೋಟ. ಬಹುಮಟ್ಟಿಗೆ ನೋವಿಲ್ಲ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಹತ್ತು ರೋಗಿಗಳ ಪೈಕಿ ಸುಮಾರು ಒಂಬತ್ತು ಮಂದಿಗೆ ತಮಗೆ ಈ ರೋಗವಿರುವುದೇ ತಿಳಿದಿರಲಿಲ್ಲ.

ಟಿಮೊಲಾಲ್, 1996ರಲ್ಲಿ ಬಂದ ಲ್ಯಾಟನೊಪ್ರಾಸ್ಟ್ ಮೊದಲಾದ ಹನಿಮದ್ದುಗಳು ಈ ಒತ್ತಡವನ್ನು ಇಳಿಸುತ್ತವೆ. ದೃಷ್ಟಿಯನ್ನು ಕೊಡಲಾರವು, ಉಳಿದದ್ದನ್ನು ಕಾಯುತ್ತವೆ, ಅಷ್ಟೆ.

ಆ ಹೆಂಗಸು ಎರಡು ತಿಂಗಳಿಂದ ಮದ್ದು ಬಿಟ್ಟಿದ್ದಳು. ಮೇಷ್ಟರ ಚಾಳಿ, ನಾನು ಗದರಿದೆ.

"ಹಾಕಿದ್ರೂ ಹಂಗೇ ಕಾಣ್ತದೆ, ಹಾಕದಿದ್ರೂ ಹಂಗೇ ಕಾಣ್ತದೆ ಮೇಷ್ಟ್ರೇ. ಆ ದುಡ್ಡಿಗೆ ಮನೆಗೆ ಬೇಳೆ ಬರ್ತದೆ" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಎರಡೂವರೆ ಮಿಲಿಲೀಟರಿನ ಸೀಸೆಯಲ್ಲಿ ಸುಮಾರು 80 ಹನಿ. ಎರಡು ಕಣ್ಣಿಗೂ ದಿನಕ್ಕೊಂದೊಂದರಂತೆ ತಿಂಗಳಿಗೆ 60 ಬೇಕು. ಹೂ ಕಟ್ಟಿ ಸವೆದ ಆಕೆಯ ಬೆರಳು ನಡುಗಿ, ಎರಡರಲ್ಲೊಂದು ಹನಿ ಕೆನ್ನೆಯ ಪಾಲಾಗುತ್ತಿತ್ತು. ಇಪ್ಪತ್ತನೆಯ ದಿನಕ್ಕೇ ಸೀಸೆ ಬರಿದು! ಸರಕಾರಿ ಆಸ್ಪತ್ರೆಗೆ ಹೋದರೆ, ಅದು 1896ರಲ್ಲಿ ಆರಂಭವಾದ ನಮ್ಮ ಮಿಂಟೋ ಕಣ್ಣಾಸ್ಪತ್ರೆಯೇ ಆಗಲಿ, ಒಂದು ದಿನದ ವ್ಯಾಪಾರ ನಿಲ್ಲುತ್ತದೆ. ತೆರೆಯದ ಲ್ಯಾಟನೊಪ್ರಾಸ್ಟನ್ನು ಸಾಮಾನ್ಯವಾಗಿ ಫ್ರಿಜ್ಜಿನಲ್ಲಿಡಬೇಕು. ಶೀಟಿನ ಸೂರಿನ ಕೆಳಗೆ ಫ್ರಿಜ್ಜೆಲ್ಲಿ?

ಇನ್ನು ನನ್ನ ವಿಷಯ. ಹಣವಿತ್ತು, ಫ್ರಿಜ್ಜಿತ್ತು, ಓದೂ ಇತ್ತು. ಆದರೂ ವೈದ್ಯರ ಭೇಟಿಗೆ ನಾಲ್ಕು ದಿನವಿದೆಯೆನ್ನುವಾಗ ಮಾತ್ರ ನಿಷ್ಠೆಯಿಂದ ಹನಿ ಬಿಟ್ಟುಕೊಳ್ಳುತ್ತಿದ್ದೆ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ವಿದ್ಯಾರ್ಥಿಯಂತೆ. ಒತ್ತಡ ಸರಿಯಾಗಿಯೇ ಕಾಣುತ್ತಿತ್ತು. ನರ ಮಾತ್ರ ಸವೆಯುತ್ತಿತ್ತು. ಸೀಸೆಗೆ ಎಣಿಕೆಯ ಸಾಧನ ಜೋಡಿಸಿ ನಡೆಸಿದ ವಿದೇಶದ ಅಧ್ಯಯನಗಳಲ್ಲಿಯೂ ಈ ಠಕ್ಕು ಹೊರಬಿದ್ದಿದೆ. ಹಾಗಾಗಿ ಬಡವರ ಅಜ್ಞಾನವನ್ನು ದೂರುವ ಹಕ್ಕು ನನಗಿಲ್ಲ.

ಮದ್ದು ಬಿಡುವ ಬಗೆ ಇದು: ಮಲಗಿ ಅಥವಾ ತಲೆ ಹಿಂದಕ್ಕೊರಗಿಸಿ ಕೆಳರೆಪ್ಪೆಯನ್ನು ಜಗ್ಗಿ, ಸೀಸೆಯ ಮೂತಿ ಕಣ್ಣಿಗೆ ತಾಗದಂತೆ ಒಂದೇ ಹನಿ ಬಿಡಬೇಕು. ಎರಡನೆಯದು ಹೊರಚೆಲ್ಲುತ್ತದೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲವಾದರೆ ಮದ್ದು ಮೂಗಿಗಿಳಿದು ರಕ್ತ ಸೇರುತ್ತದೆ. ಉಬ್ಬಸವುಳ್ಳವರಿಗೆ ಟಿಮೊಲಾಲ್ ಅಪಾಯಕಾರಿ. ವೈದ್ಯರಿಗೆ ಮೊದಲೇ ಹೇಳಬೇಕು. ಇನ್ನೊಂದು ಮದ್ದಿದ್ದರೆ ಐದು ನಿಮಿಷ ತಡೆದು ಹಾಕಬೇಕು. ದುಬಾರಿಯಾದರೆ ಅದನ್ನೂ ಸಂಕೋಚವಿಲ್ಲದೆ ಹೇಳಬೇಕು: ಅಗ್ಗದ ಜನರಿಕ್ ಮದ್ದುಗಳಿವೆ, ಕೆಲವರಿಗೆ ಲೇಸರೋ ಶಸ್ತ್ರಚಿಕಿತ್ಸೆಯೋ ಒದಗೀತು.

ಹೂವಿನಾಕೆ ಹೇಳಿದಳು, ವೈದ್ಯರು ಅಗ್ಗದ ಮದ್ದು ಬರೆದುಕೊಟ್ಟರು. ಈಗ ರಾತ್ರಿ ಬುಟ್ಟಿ ಎತ್ತುವ ಮುನ್ನ ಪಕ್ಕದ ಸೊಪ್ಪಿನಾಕೆ ಆಕೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹನಿ ಬಿಡುತ್ತಾಳೆ. ಸೀಸೆ ಇರುವುದು ಒದ್ದೆಬಟ್ಟೆ ಹೊದಿಸಿದ ಹೂಬುಟ್ಟಿಯ ಮೂಲೆಯಲ್ಲಿ. ಆ ಹೊತ್ತಿಗೆ ನಾನು ಅತ್ತ ಹಾದರೆ, "ನಿಮ್ದಾಯ್ತಾ ಮೇಷ್ಟ್ರೇ?" ಎಂದು ಕೇಳುತ್ತಾಳೆ.