ಬಳಸಿಲ್ಲ ನಿಜ, ಆದರೆ ಬಿರುಕಿದೆ: ಜಪಾನಿನ ಪಿಂಗಾಣಿ ಬಟ್ಟಲು ಮಾರಿದ ಕಥೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಾದ್ರೆ ಇದನ್ನ ಕೇಳಿ.

(ಬಟ್ಟಲಿಗೆ ಬೆರಳು ತಟ್ಟಿದ ಸದ್ದು: ಟಿಣ್ಣ್...)

ಈಗ ಇದು.

(ಟಪ್.)

ಎರಡೂ ಒಂದೇ ಸೆಟ್‌ನ ಬಟ್ಟಲುಗಳು. ಎರಡರಲ್ಲೂ ಇವತ್ತಿನವರೆಗೆ ಒಂದು ತುತ್ತು ಅನ್ನ ಹಾಕಿಲ್ಲ. ಆದರೂ ಎರಡನೆಯದು ಯಾಕೆ ಹಾಗೆ ಮೊದ್ದಾಗಿ ಸದ್ದು ಮಾಡ್ತು ಅನ್ನೋದೇ ಇವತ್ತಿನ ವಿಷಯ.

ನಾನಿರೋದು ಜಪಾನಿನ ಫುಕುವೊಕಾದಲ್ಲಿ. ಇಲ್ಲಿಂದ ರೈಲಿನಲ್ಲಿ ಹೋದರೆ ಸಾಗಾ ಪ್ರಾಂತ್ಯದ ಅರಿತಾ ಅನ್ನೋ ಊರು ಸಿಗುತ್ತೆ. 17ನೇ ಶತಮಾನದ ಆರಂಭದಲ್ಲಿ ಅಲ್ಲಿನ ಇಝುಮಿಯಾಮದಲ್ಲಿ ಪಿಂಗಾಣಿಗೆ ಬೇಕಾದ ಕಲ್ಲು ಸಿಕ್ಕಿತು. ಕೊರಿಯಾದಿಂದ ಬಂದ ಕುಶಲಕರ್ಮಿಗಳು ಅಲ್ಲಿ ಕೆಲಸ ಶುರು ಮಾಡಿದರು. ಮಾಲು ಇಮಾರಿ ಬಂದರಿನಿಂದ ಹೊರಡ್ತಿದ್ದ ಕಾರಣ ಯುರೋಪಿನಲ್ಲಿ ಅದಕ್ಕೆ ಇಮಾರಿ ಅಂತಲೇ ಹೆಸರಾಯ್ತು. ಈಗಲೂ ಪ್ರತಿ ವರ್ಷ ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ಪಿಂಗಾಣಿ ಸಂತೆ ನಡೆಯುತ್ತೆ. ಹೋದಾಗಲೆಲ್ಲ ನಾನು ಒಂದೊಂದು ಸೆಟ್ ಹೊತ್ಕೊಂಡು ಬಂದೆ. ಈಗ ಬೆಂಗಳೂರಿಗೆ ವಾಪಸ್ ಬರ್ತಿದ್ದೀನಿ. ಸೂಟ್‌ಕೇಸ್‌ನಲ್ಲಿ ಎಷ್ಟು ಹಿಡಿಸುತ್ತೆ ಹೇಳಿ? ಮಾರಲೇಬೇಕು.

ಕೈಯಿಂದ ಮಾಡಿದ್ದು ಅಂತ ಗೊತ್ತಾಗೋದು ಹೇಗೆ? ಐದನ್ನೂ ಸಾಲಾಗಿಡಿ. ಎತ್ತರದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುತ್ತೆ, ನೀಲಿ ಗೆರೆ ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಮೊದಲ ಸಲ ಇದನ್ನ ನೋಡಿ ಅಂಗಡಿಯವರು ಮೋಸ ಮಾಡಿದರು ಅಂದ್ಕೊಂಡಿದ್ದೆ! ಕುಂಚ ಹಿಡಿದ ಕೈಯ ಗುರುತು ಅದು.

ಆಮೇಲೆ ಪೆಟ್ಟಿಗೆ. ಒಳ್ಳೆ ಬಟ್ಟಲು ಮರದ ಪೆಟ್ಟಿಗೆಯಲ್ಲಿ ಬರುತ್ತೆ, ಮುಚ್ಚಳದ ಮೇಲೆ ಮಾಡಿದವರ ಬರಹ, ಮುದ್ರೆ ಇರುತ್ತೆ. ಅದಿದ್ದರೆ ಬೆಲೆ ಹೆಚ್ಚು. ನಾನು ಮಹಾ ಬುದ್ಧಿವಂತ, ಅದರಲ್ಲಿ ಅಮ್ಮ ಕಳಿಸಿದ ಸಾರಿನಪುಡಿ ಇಟ್ಟಿದ್ದೆ. ಈಗಲೂ ಇಂಗಿನ ಘಮ. ಅದನ್ನೂ ವಿವರಣೆಯಲ್ಲಿ ಬರೆದೆ.

ಈಗ ಬಿರುಕಿಗೆ ಬರೋಣ. ಪಿಂಗಾಣಿಯನ್ನ ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡ್ತಾರೆ. ಮಣ್ಣು ಗಾಜಿನ ಹಾಗೆ ಬಿಗಿಯಾಗುತ್ತೆ, ತಟ್ಟಿದರೆ ಗಂಟೆಯ ಹಾಗೆ ಕೇಳುತ್ತೆ. ಕೂದಲೆಳೆ ಬಿರುಕಿದ್ದರೆ ಸದ್ದು ಅಲ್ಲೇ ಸಾಯುತ್ತೆ. ಇಂಥ ಬಿರುಕಿಗೆ ಇಲ್ಲಿನ ಹಳೆ ಸಾಮಾನಿನ ವ್ಯಾಪಾರಿಗಳು ‘ನ್ಯೂ’ ಅಂತಾರೆ. ಬರಿಗಣ್ಣಿಗೆ ಕಾಣದಿದ್ದರೆ ಬಟ್ಟಲಿನೊಳಗೆ ಮೊಬೈಲ್ ಟಾರ್ಚ್ ಹಿಡೀರಿ. ತೆಳ್ಳಗಿನ ಪಿಂಗಾಣಿಯಲ್ಲಿ ಬೆಳಕು ಹೊರಗೆ ಬರುತ್ತೆ, ಬಿರುಕು ಕಪ್ಪು ಗೆರೆಯಾಗಿ ಕಾಣುತ್ತೆ. ನನ್ನ ಐದನೇ ಬಟ್ಟಲಲ್ಲಿ ಅಂಚಿನಿಂದ ಎರಡು ಸೆಂಟಿಮೀಟರ್. ಕಪಾಟಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದೇ ತಪ್ಪು.

ಮಾಮೂಲಿ ಫೋಟೊದಲ್ಲಿ ಅದು ಕಾಣ್ತಾನೇ ಇರಲಿಲ್ಲ. ಮಾರೋ ಆ್ಯಪ್‌ನಲ್ಲಿ ಮೊದಲ ಆಯ್ಕೆಯೇ ‘ಹೊಸದು, ಬಳಸಿಲ್ಲ’. ಅದನ್ನ ಒತ್ತಿದರೆ ಸುಳ್ಳೂ ಅಲ್ಲ! ಬೆರಳು ಅಲ್ಲೇ ನಿಂತಿತ್ತು, ಒಪ್ಕೋತೀನಿ. ಒಡೆದದ್ದನ್ನ ತೆಗೆದುಬಿಟ್ಟರೆ ನಾಲ್ಕು ಉಳಿಯುತ್ತೆ. ಜಪಾನಿನಲ್ಲಿ ನಾಲ್ಕನ್ನ ‘ಶಿ’ ಅಂತಲೂ ಅಂತಾರೆ, ಸಾವಿಗೂ ಅದೇ ಉಚ್ಚಾರ. ಹಾಗಾಗಿ ಸೆಟ್ ಅಂದರೆ ಐದು. ನಾಲ್ಕು ಅಂದರೆ ಕೊಳ್ಳೋರು ಹಿಂದೆಮುಂದೆ ನೋಡ್ತಾರೆ.

ಕೊನೆಗೆ ಐದನ್ನೂ ಒಟ್ಟಿಗೆ ಹಾಕಿದೆ. ‘ಬಳಸಿಲ್ಲ, ಒಂದರಲ್ಲಿ ಬಿರುಕಿದೆ’ ಅಂತ ಮೊದಲ ಸಾಲಲ್ಲೇ ಬರೆದು, ಟಾರ್ಚ್ ಹಾಕಿದ ಫೋಟೊ ಸೇರಿಸಿ, ‘ಹೊಸದು’ ಬದಲು ‘ಸ್ವಲ್ಪ ಹಾನಿಯಿದೆ’ ಅನ್ನೋದನ್ನ ಆರಿಸಿದೆ. 15,000 ಯೆನ್ ಕೇಳಬೇಕು ಅಂದ್ಕೊಂಡಿದ್ದು 9,000ಕ್ಕೆ ಹೋಯ್ತು. ಅದರಲ್ಲಿ ಹತ್ತು ಪರ್ಸೆಂಟ್ ಆ್ಯಪ್‌ಗೆ, ಕೊರಿಯರ್ ಖರ್ಚೂ ನನ್ನದೇ. ಹೊಟ್ಟೆ ಉರೀತು, ಸುಳ್ಳು ಹೇಳಲ್ಲ.

ಒಂದು ಮಾತು: ಸ್ವಂತಕ್ಕೆ ತಗೊಂಡದ್ದನ್ನ ಮಾರೋಕೆ ಜಪಾನಿನಲ್ಲಿ ಪರವಾನಗಿ ಬೇಡ. ಹಳೆ ಸಾಮಾನನ್ನ ಮಾರೋಕಂತಲೇ ಕೊಂಡು ಮಾರಿದರೆ ಬೇಕು, ಅರ್ಜಿ ಪೊಲೀಸ್ ಠಾಣೆಯಲ್ಲಿ.

ಪಾರ್ಸೆಲ್ ನಾಳೆ ಹೊರಡುತ್ತೆ. ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಿ, ನಡುವೆ ರಟ್ಟು ಇಟ್ಟಿದ್ದೀನಿ. ಕೊಂಡವರು ತೆರೆದು ನೋಡಿ ಸರಿ ಇದೆ ಅಂತ ಒತ್ತಿದ ಮೇಲೆಯೇ ಹಣ ನನ್ನ ಕೈಗೆ ಬರೋದು. ಅವರು ನಿನ್ನೆ ಒಂದೇ ಪ್ರಶ್ನೆ ಕೇಳಿದರು: ಆ ಪೆಟ್ಟಿಗೆಯ ವಾಸನೆ ಯಾವ ಮಸಾಲೆಯದು?