ಗಾಜಿನ ಫಲಕಗಳಲ್ಲಿ ನೂರು ವರ್ಷದ ಸೂರ್ಯ

ಇಂದು ಬೆಳಗ್ಗೆ ಉದಯಿಸಿದ ಸೂರ್ಯನನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ 1928ನೆಯ ಇಸವಿಯ ಒಂದು ಬೆಳಗಿನ ಸೂರ್ಯನನ್ನು ಕಾಣಬೇಕೆಂದರೆ ಏನು ಮಾಡಬೇಕು? ಆ ಬೆಳಗು ಕಳೆದುಹೋಯಿತು. ಅಂದು ಸೂರ್ಯಬಿಂಬದ ಮೇಲಿದ್ದ ಕಲೆಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬಾಳಿ ಅಳಿದುಹೋದುವು. ಆದರೂ ಆ ಸೂರ್ಯನ ಮುಖವು ಇಂದಿಗೂ ಉಳಿದಿದೆ. ಅದನ್ನು ಹುಡುಕಿಕೊಂಡು ನಾನು ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ದಾಖಲೆಗಳ ವಾಚನಾಲಯಕ್ಕೆ ಹೋದೆನು. ಹೋಗುವಾಗ ನನ್ನ ಚೀಲದಲ್ಲಿ ಒಂದು ‘ಸಂಶೋಧನೆ’ ಇದ್ದಿತು. ಹಿಂದಿರುಗುವಾಗ ಅದು ಇರಲಿಲ್ಲ. ಆ ಕಥೆಯನ್ನೇ ಇಲ್ಲಿ ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಸಂಗ್ರಹದ ಪೂರ್ವೋತ್ತರವನ್ನು ತಿಳಿಯೋಣ. 1786ರಲ್ಲಿ ವಿಲಿಯಂ ಪೆಟ್ರಿ ಎಂಬಾತನು ಮದರಾಸಿನಲ್ಲಿ ತನ್ನ ಸ್ವಂತ ಉಪಯೋಗಕ್ಕೆಂದು ಒಂದು ಚಿಕ್ಕ ವೀಕ್ಷಣಾಲಯವನ್ನು ಕಟ್ಟಿಕೊಂಡನು. ಅದೇ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ವೀಕ್ಷಣಾಲಯವಾಯಿತು. ಸೂರ್ಯನ ಅಭ್ಯಾಸಕ್ಕೆ ಎತ್ತರದ, ತಿಳಿಯಾದ ಆಕಾಶದ ಸ್ಥಳವೊಂದು ಬೇಕೆನಿಸಿದಾಗ ಪಳನಿ ಬೆಟ್ಟಗಳ ಕೊಡೈಕೆನಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,340 ಮೀಟರ್ ಎತ್ತರದಲ್ಲಿ, 1899ರಲ್ಲಿ ಹೊಸ ವೀಕ್ಷಣಾಲಯವು ಸ್ಥಾಪಿತವಾಯಿತು. ಈ ಪರಂಪರೆಯಿಂದಲೇ 1971ರಲ್ಲಿ ಖಭೌತ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಗಿ ಮೈದಾಳಿ, ಮುಂದೆ ಬೆಂಗಳೂರನ್ನು ತನ್ನ ನೆಲೆಯಾಗಿ ಮಾಡಿಕೊಂಡಿತು. ಕೊಡೈಕೆನಾಲಿನಲ್ಲಿ 1904ರಿಂದ, ಮೋಡವಿಲ್ಲದ ದಿನಗಳಲ್ಲೆಲ್ಲ, ಸೂರ್ಯನ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದರು. ಆ ಫಲಕಗಳಿರುವುದು ಬೆಟ್ಟದ ಮೇಲೆಯೇ. ಆದರೆ ಅವುಗಳನ್ನು ಅಂಕೆಗಳಾಗಿ ಮಾರ್ಪಡಿಸಿದ ಪ್ರತಿಗಳನ್ನು, ಅಂದರೆ ಅಂಕೀಕೃತ ಪ್ರತಿಗಳನ್ನು, ಸಂಸ್ಥೆಯು ಅಂತರಜಾಲದ ಮೂಲಕ ಎಲ್ಲರಿಗೂ ಒದಗಿಸಿದೆ.

ಫಲಕವನ್ನು ಅಂಕೆಗಳಾಗಿ ಮಾರ್ಪಡಿಸುವುದೆಂದರೇನು? ಸುಮಾರು 15 ಸೆಂಟಿಮೀಟರ್ ವ್ಯಾಸದ ಮಸೂರವುಳ್ಳ ದೂರದರ್ಶಕದಿಂದ ಪಡೆದ ಸೂರ್ಯಬಿಂಬವು ಫಲಕದ ಮೇಲೆ ಸುಮಾರು 20 ಸೆಂಟಿಮೀಟರ್ ಅಗಲವಾಗಿರುತ್ತದೆ. ಸೂರ್ಯನ ವ್ಯಾಸ ಸುಮಾರು 13 ಲಕ್ಷ 90 ಸಾವಿರ ಕಿಲೋಮೀಟರ್. ಆದುದರಿಂದ ಫಲಕದ ಒಂದು ಮಿಲಿಮೀಟರು ಸುಮಾರು 7,000 ಕಿಲೋಮೀಟರಿಗೆ ಸಮ. ನಮ್ಮ ಭೂಮಿಯನ್ನು ಅಲ್ಲಿ ಇಟ್ಟರೆ ಎರಡು ಮಿಲಿಮೀಟರಿಗಿಂತಲೂ ಚಿಕ್ಕದೊಂದು ಚುಕ್ಕೆಯಾದೀತು. ಸಮನಾಗಿ ಬೆಳಗುವ ದೀಪದ ಮುಂದೆ ಈ ಫಲಕವನ್ನಿರಿಸಿ, ಅದನ್ನು ಹಾಯ್ದುಬಂದ ಬೆಳಕನ್ನು ಒಂದು ಎಲೆಕ್ಟ್ರಾನಿಕ್ ಕ್ಯಾಮೆರಾ ಅಳೆಯುತ್ತದೆ. ಉದ್ದಕ್ಕೆ 4,096, ಅಗಲಕ್ಕೆ 4,096 ಚುಕ್ಕೆಗಳು. ಎಂದರೆ ಒಟ್ಟು 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಪ್ರತಿಯೊಂದು ಚುಕ್ಕೆಗೂ 0ಯಿಂದ 65,535ರವರೆಗಿನ ಒಂದು ಅಂಕೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಕ್ಯಾಮೆರಾ ಅಳೆದದ್ದು ದೀಪದ ಬೆಳಕನ್ನೇ ಹೊರತು ಸೂರ್ಯನ ಬೆಳಕನ್ನಲ್ಲ. ಸೂರ್ಯನ ಬೆಳಕು ಎಂದೋ ಬಂದು, ಗಾಜಿನ ಮೇಲಿನ ಲೇಪದಲ್ಲಿ ಬೆಳ್ಳಿಯ ಕಣಗಳನ್ನು ಮೂಡಿಸಿ ಹೊರಟುಹೋಯಿತು. ಬೆಳಕು ಹೆಚ್ಚು ಬಿದ್ದೆಡೆ ಫಲಕವು ಹೆಚ್ಚು ಕಪ್ಪು. ಆದ್ದರಿಂದಲೇ ನೆಗೆಟಿವ್ ಫಲಕದಲ್ಲಿ ಸೂರ್ಯನ ಮುಖವು ಕಪ್ಪಾಗಿಯೂ ಕಲೆಗಳು ತಿಳಿಯಾಗಿಯೂ ತೋರುತ್ತವೆ. ಈ ಕಪ್ಪಿನ ಸಾಂದ್ರತೆಯು ಬೆಳಕಿಗೆ ನೇರ ಪ್ರಮಾಣದಲ್ಲಿಲ್ಲ. ಒಂದು ಮಿತಿಯೊಳಗೆ ಅದು ಬೆಳಕಿನ ಪ್ರಮಾಣದ ಲಾಗರಿತಮ್ಮನ್ನು ಅನುಸರಿಸುತ್ತದೆ. ಸಾಂದ್ರತೆ 1 ಇರುವೆಡೆ ದೀಪದ ಬೆಳಕಿನ ಹತ್ತನೆಯ ಒಂದು ಭಾಗ ಹಾಯುತ್ತದೆ. 2 ಇರುವೆಡೆ ನೂರನೆಯ ಒಂದು ಭಾಗ ಮಾತ್ರ. ಹೀಗಾಗಿ ಪರದೆಯ ಮೇಲೆ ಕಾಣುವ ಚಿತ್ರವು ಸೂರ್ಯನ ಅಳತೆಯಲ್ಲ, ಒಂದು ಗಾಜಿನ ಅಳತೆ. ಗಾಜಿನಿಂದ ಸೂರ್ಯನೆಡೆಗೆ ಹಿಂದಿರುಗುವ ದಾರಿಯನ್ನು ನಾವೇ ಲೆಕ್ಕ ಹಾಕಿ ಹಿಡಿಯಬೇಕು.

ಆ ದಾರಿಯಲ್ಲಿ ನಾನು ಎಡವಿದ್ದು ಇನ್ನೂ ಸುಲಭವಾದ ಎಡೆಯಲ್ಲಿ. ಸೂರ್ಯಕಲೆಗಳು ದಿನದಿನಕ್ಕೆ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿನೆಡೆಗೆ ಸರಿಯುತ್ತವೆ. ಸೂರ್ಯನು ತನ್ನ ಅಕ್ಷದ ಮೇಲೆ ತಿರುಗುವುದೇ ಇದಕ್ಕೆ ಕಾರಣ. ಭೂಮಿಯಿಂದ ನೋಡುವವರಿಗೆ ಒಂದು ಸುತ್ತಿಗೆ ಸುಮಾರು 27 ದಿನ ಹಿಡಿಯುತ್ತದೆ. ಸೂರ್ಯಕಲೆಗಳು ಹೇರಳವಾಗಿದ್ದ 1928ರ ಕೆಲವು ಚಿತ್ರಗಳನ್ನು ಆರಿಸಿಕೊಂಡು, ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ನಾನು ಕಲೆಗಳ ಸ್ಥಾನವನ್ನು ಅಳೆದೆನು. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯವು 1874ರಿಂದ 1976ರವರೆಗೆ ನಡೆಸಿಕೊಂಡು ಬಂದ ಸೂರ್ಯಕಲೆಗಳ ಪಟ್ಟಿಯು ಪ್ರಸಿದ್ಧವಾದುದು. ಅದರೊಡನೆ ನನ್ನ ಅಳತೆಗಳನ್ನು ಹೋಲಿಸಿದೆನು. ಎರಡು ವೀಕ್ಷಣೆಗಳ ನಡುವಣ ಕಾಲವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡೆನು. ಆದರೂ ನನ್ನ ಕಲೆಗಳೆಲ್ಲ ಇರಬೇಕಾದ ಸ್ಥಾನಕ್ಕಿಂತ ಸುಮಾರು 3 ಡಿಗ್ರಿ ಪೂರ್ವಕ್ಕೆ ಹಿಂದುಳಿದಿದ್ದುವು! ಬಿಂಬದ ನಡುಭಾಗದಲ್ಲಿ ಇದು ಫಲಕದ ಮೇಲೆ 5 ಮಿಲಿಮೀಟರಿಗೂ ಹೆಚ್ಚು. ಕೈತಪ್ಪೆಂದು ತಳ್ಳಿಹಾಕುವಷ್ಟು ಅಲ್ಪವಲ್ಲ. ಸೂರ್ಯನು ಆ ಕಾಲದಲ್ಲಿ ನಿಧಾನವಾಗಿ ತಿರುಗುತ್ತಿದ್ದನೇ? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ವಾಚನಾಲಯಕ್ಕೆ ಹೋದದ್ದು ಈ ಸಂತೋಷದಲ್ಲಿಯೇ. ಪೆನ್ನನ್ನು ಚೀಲದಲ್ಲಿಟ್ಟು ಪೆನ್ಸಿಲನ್ನು ಹೊರತೆಗೆದೆನು. ಹಳೆಯ ಕಾಗದಗಳಿರುವೆಡೆ ಮಸಿಯು ತರವಲ್ಲ. ಹಳೆಯ ಕೊಡೈಕೆನಾಲ್ ಪ್ರಕಟಣೆಗಳ ಅಂಕೀಕೃತ ಪುಟಗಳನ್ನು ಪರದೆಯ ಮೇಲೆ ತಿರುವತೊಡಗಿದೆನು. ಸೂರ್ಯಕಲೆಯ ಹೊರಭಾಗದಲ್ಲಿ ಅನಿಲವು ಒಳಗಿನಿಂದ ಹೊರಕ್ಕೆ ಹರಿಯುತ್ತದೆಂಬುದನ್ನು ರೋಹಿತರೇಖೆಗಳ ಸ್ಥಾನಪಲ್ಲಟದಿಂದ 1909ರಲ್ಲಿ ಕಂಡುಹಿಡಿದ ಜಾನ್ ಎವರ್ಶೆಡ್ ತನ್ನ ವರದಿಯನ್ನು ಪ್ರಕಟಿಸಿದ್ದು ಈ ಪ್ರಕಟಣೆಗಳಲ್ಲಿಯೇ. ಅದನ್ನು ಓದುತ್ತ, ನನ್ನ ಹೆಸರೂ ಒಂದು ದಿನ ಎಲ್ಲಿಯಾದರೂ ಅಚ್ಚಾದೀತೆಂದು ಕನಸು ಕಾಣುತ್ತಿದ್ದೆನೆಂದರೆ ಓದುಗರು ನಗಬಾರದು.

ಪಕ್ಕದ ಮೇಜಿನಲ್ಲಿ ವಯಸ್ಸಾದ ಒಬ್ಬರು ಕುಳಿತಿದ್ದರು. ಹಳೆಯ ದಾಖಲೆಗಳಲ್ಲಿ ಬಹುಕಾಲ ಕೈಯಾಡಿಸಿದವರೆಂದು ಮಾತಿನಿಂದ ತಿಳಿಯಿತು. ಅವರಿಗೆ ನನ್ನ ಪಟ್ಟಿಯನ್ನು ತೋರಿಸಿದೆನು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಒಂದೊಂದೇ ಸಾಲನ್ನು ನೋಡಿದರು.

“ಮೇಷ್ಟರೆ, ಈ ಅಂತರ ದಿನ ಕಳೆದಂತೆ ಬೆಳೆಯಿತೋ, ಅಷ್ಟೇ ಇದ್ದಿತೋ?” ಎಂದರು.

“ಅಷ್ಟೇ ಇದ್ದಿತು, ಸ್ವಾಮಿ. ಎಲ್ಲ ದಿನವೂ 3 ಡಿಗ್ರಿ” ಎಂದೆನು.

“ಹಾಗಾದರೆ ಇಲ್ಲಿ ಬೆಳಗ್ಗೆ 8-30 ಎಂದು ಬರೆದುಕೊಂಡಿದ್ದೀರಲ್ಲ, ಅದು ಯಾವ ಊರಿನ ಗಂಟೆ?”

ನನ್ನ ಮುಖವು ಬಿಸಿಯಾಯಿತು. ಬೆಟ್ಟದ ಮೇಲಿನ ವೀಕ್ಷಕರು ಬರೆದಿಟ್ಟದ್ದು ಭಾರತೀಯ ಕಾಲಮಾನ. ನಾನು ಅದನ್ನು ಗ್ರೀನಿಚ್ ಕಾಲವೆಂದೇ ತಿಳಿದು ಲೆಕ್ಕ ಮಾಡಿದ್ದೆನು. ಎರಡಕ್ಕೂ ಐದೂವರೆ ಗಂಟೆಯ ವ್ಯತ್ಯಾಸ. ಸೂರ್ಯನು 27 ದಿನಗಳಲ್ಲಿ 360 ಡಿಗ್ರಿ ತಿರುಗಿದರೆ ದಿನಕ್ಕೆ ಸುಮಾರು 13.3 ಡಿಗ್ರಿ, ಐದೂವರೆ ಗಂಟೆಗೆ ಸುಮಾರು 3 ಡಿಗ್ರಿ! ನನ್ನ ಸಂಶೋಧನೆಯು ಗಡಿಯಾರದ ಸಂಶೋಧನೆಯಾಗಿತ್ತು. ಸೂರ್ಯನ ವೇಗವೇ ಬೇರೆಯಾಗಿದ್ದರೆ ಆ ಅಂತರವು ದಿನದಿನಕ್ಕೆ ಹೆಚ್ಚುತ್ತ ಹೋಗಬೇಕಾಗಿತ್ತು. ತರಗತಿಯಲ್ಲಿ ನಾನೇ ವರ್ಷವರ್ಷವೂ ಬೋಧಿಸುವ ಪಾಠವಿದು. ಆಸೆಯು ಅದನ್ನು ಮರೆಸಿತು.

ಕೆಲವು ಹೊತ್ತು ಖಿನ್ನನಾಗಿದ್ದು, ಮತ್ತೆ ಪರದೆಯನ್ನು ನೋಡಿದೆನು. ಆಗ ನನಗೆ ಚಿತ್ರಗಳಿಗಿಂತಲೂ ಅವುಗಳ ಜೊತೆಗಿರುವ ಚಿಕ್ಕ ಬರಹಗಳೇ ಮುಖ್ಯವೆಂದು ತೋರಿದುವು: ತೇದಿ, ಗಂಟೆ, ಉತ್ತರ ದಿಕ್ಕಿನ ಗುರುತು. ಗುಂಡಗಿನ ಬಿಂಬಕ್ಕೆ ತಲೆ ಯಾವುದು, ಕಾಲು ಯಾವುದು? ಫಲಕವನ್ನು ಹಿಂದುಮುಂದಾಗಿ ಇರಿಸಿದರೆ ಪೂರ್ವವೇ ಪಶ್ಚಿಮವಾಗುತ್ತದೆ. ವೀಕ್ಷಕನು ಎರಡು ಅಕ್ಷರ ಬರೆಯಲು ಮರೆತಿದ್ದರೆ, ಕೋಟಿಗಟ್ಟಲೆ ಅಂಕೆಗಳು ಕೂಡಿದರೂ ಆ ಕೊರತೆಯನ್ನು ತುಂಬಲಾರವು. ಗ್ರೀನಿಚ್ಚಿನಲ್ಲಿ ಮೋಡ ಕವಿದ ದಿನಗಳ ತೆರಪನ್ನು ತುಂಬಲು ಕೊಡೈಕೆನಾಲಿನ ಚಿತ್ರಗಳನ್ನೂ ಬಳಸಿಕೊಂಡಿದ್ದರು. ಆ ಬರಹಗಳನ್ನು ನಂಬಬಹುದಾಗಿದ್ದುದರಿಂದಲೇ ಇದು ಸಾಧ್ಯವಾಯಿತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 1907ರ ಹೊತ್ತಿಗೆ ಕೊಡೈಕೆನಾಲಿನಲ್ಲಿ ಕ್ಯಾಲ್ಸಿಯಂ ಧಾತುವಿನ ಒಂದೇ ನೇರಿಳೆ ರೇಖೆಯ ಬೆಳಕಿನಲ್ಲಿ, ಅಂದರೆ ಸುಮಾರು 393.4 ನ್ಯಾನೋಮೀಟರ್ ಅಲೆಯುದ್ದದಲ್ಲಿ, ಸೂರ್ಯನ ಚಿತ್ರಗಳನ್ನು ತೆಗೆಯುತ್ತಿದ್ದರು. ಆ ಬೆಳಕಿನಲ್ಲಿ ಸೂರ್ಯನ ಮೇಲೆ ಉಜ್ವಲವಾದ ಹರಹುಗಳು ತೋರುತ್ತವೆ. ಸೂರ್ಯಕಲೆಗಳಲ್ಲಿ ಕಾಂತಕ್ಷೇತ್ರವಿದೆಯೆಂದು ಅಮೆರಿಕದ ಹೇಲ್ ತೋರಿಸಿಕೊಟ್ಟದ್ದು 1908ರಲ್ಲಿ. ಸೂರ್ಯಬಿಂಬದಾದ್ಯಂತ ಕಾಂತಕ್ಷೇತ್ರವನ್ನು ಪ್ರತಿದಿನವೂ ಅಳೆಯುವ ಏರ್ಪಾಡು ಬಂದದ್ದು ಅದಕ್ಕೂ ಎಷ್ಟೋ ದಶಕಗಳ ಅನಂತರ. ಕ್ಯಾಲ್ಸಿಯಂ ಬೆಳಕಿನ ಆ ಹರಹುಗಳು ಕಾಂತಕ್ಷೇತ್ರವು ಬಲವಾಗಿರುವೆಡೆಯಲ್ಲಿಯೇ ಇರುತ್ತವೆಂಬುದು ಈಗ ತಿಳಿದಿದೆ. ಆದುದರಿಂದ ಆ ಹಳೆಯ ಫಲಕಗಳು ಸೂರ್ಯನ ಕಾಂತಚರಿತ್ರೆಯ ದಾಖಲೆಗಳಾಗಿ ಇಂದು ಬೆಲೆಬಾಳುತ್ತಿವೆ. ಚಿತ್ರ ತೆಗೆದವರಿಗೆ ಈ ಪ್ರಶ್ನೆಯೇ ಗೊತ್ತಿರಲಿಲ್ಲ. ಉತ್ತರವನ್ನು ಮಾತ್ರ ಅವರು ಜೋಪಾನವಾಗಿ ಇಟ್ಟುಹೋದರು. ಸೂರ್ಯಕಲೆಗಳ ಏರಿಳಿತಕ್ಕೆ ಸುಮಾರು 11 ವರ್ಷ ಹಿಡಿಯುತ್ತದೆ. ಒಬ್ಬ ವಿಜ್ಞಾನಿಯ ಉದ್ಯೋಗಕಾಲದಲ್ಲಿ ಇಂತಹ ಮೂರು ಆವರ್ತಗಳು ಕಂಡರೆ ಹೆಚ್ಚು. ನೂರು ವರ್ಷದ ಫಲಕಗಳಲ್ಲಿ ಒಂಬತ್ತು ಆವರ್ತಗಳಿವೆ.

ಅಂಕೆಗಳಾದ ಮೇಲೆ ಗಾಜನ್ನೇಕೆ ಕಾಪಾಡಬೇಕೆಂದು ಕೆಲವರು ಕೇಳುವುದುಂಟು. 8 ಬಿಟ್‌ಗಳಲ್ಲಿ ಅಳೆದರೆ ಕಪ್ಪು ಬಿಳುಪುಗಳ ನಡುವೆ 256 ಮೆಟ್ಟಿಲುಗಳು ಮಾತ್ರ. 16 ಬಿಟ್‌ಗಳಲ್ಲಿ ಅಳೆದರೆ 65,536. ನಾಳೆ ಇನ್ನೂ ಉತ್ತಮವಾದ ಉಪಕರಣ ಬಂದೀತು. ಆಗ ಮತ್ತೊಮ್ಮೆ ಅಳೆಯಬೇಕಾದರೆ ಗಾಜು ಇರಬೇಕು. ಅದು ಒಮ್ಮೆ ಒಡೆಯಿತೆಂದರೆ ಆ ಬೆಳಗಿನ ಸೂರ್ಯನನ್ನು ಮತ್ತೊಮ್ಮೆ ಕೇಳುವಂತಿಲ್ಲ.

ಸಂಜೆ ಹೊರಡುವಾಗ ಆ ಹಿರಿಯರಿಗೆ ಕೈಮುಗಿದೆನು. ಕಾಲೇಜು ಮತ್ತೆ ತೆರೆದಾಗ ನನ್ನ ವಿದ್ಯಾರ್ಥಿಗಳಿಗೆ ನನ್ನ ತಪ್ಪಿನ ಪಟ್ಟಿಯನ್ನೇ ತೋರಿಸಿದೆನು. ಎಲ್ಲಿ ತಪ್ಪಿದೆನೆಂಬುದನ್ನು ಅವರೇ ಕಂಡುಹಿಡಿಯಲೆಂದು ಬಿಟ್ಟೆನು. ಕಾಲು ಗಂಟೆಯೊಳಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಇದು ಎಲ್ಲಿಯ ಟೈಮು?” ಎಂದು ಕೇಳಿದಳು. ಅಂದಿನಿಂದ ನಮ್ಮ ಪ್ರಯೋಗಶಾಲೆಯ ಪುಸ್ತಕಗಳಲ್ಲಿ ಮೊದಲ ಸಾಲಿನಲ್ಲಿಯೇ ತೇದಿಯನ್ನೂ ಗಂಟೆಯನ್ನೂ ಬರೆಯುತ್ತಿದ್ದಾರೆ.