ಫೋನಿನೊಳಗಿನ ಮಧುಕರಿ

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಮಧ್ಯಾಹ್ನವಾಯಿತೆಂದರೆ ಯಾತ್ರಿಕರು ಜೋಳಿಗೆ ಹಿಡಿದು ಹೊರಡುತ್ತಾರೆ. ಬಡವ ಬಲ್ಲಿದರೆಂಬ ಭೇದ ಅಲ್ಲಿಲ್ಲ. ಕನಿಷ್ಠ ಐದು ಮನೆಗಳ ಮುಂದೆ ನಿಂತು ಭಿಕ್ಷೆ ಬೇಡಬೇಕೆಂಬುದು ಆ ದತ್ತಕ್ಷೇತ್ರದ ಸಂಪ್ರದಾಯ. ದುಂಬಿಯು ಯಾವೊಂದು ಹೂವನ್ನೂ ನೋಯಿಸದೆ ತುಸುತುಸುವೇ ಮಧುವನ್ನು ಕೂಡಿಸುವಂತೆ ಈ ಭಿಕ್ಷೆ. ಆದುದರಿಂದಲೇ ಇದಕ್ಕೆ ಮಧುಕರಿಯೆಂದು ಹೆಸರು.

ಆ ಯಾತ್ರಿಕರ ಜೇಬಿನಲ್ಲಿರುವ ಫೋನಿನಲ್ಲಿಯೂ ಇನ್ನೊಂದು ಮಧುಕರಿ ನಡೆದಿರುತ್ತದೆಂದರೆ ವಾಚಕರಿಗೆ ಅಚ್ಚರಿಯಾದೀತು. ಭೀಮಾ-ಅಮರಜಾ ಸಂಗಮದಲ್ಲಿ ತೆಗೆದ ಚಿತ್ರ, ಅಜ್ಜಿ ಹಾಡಿದ ಆರತಿಯ ಹಾಡು, ಎಲ್ಲವೂ ಫೋನಿನ ಫ್ಲ್ಯಾಶ್ ಮೆಮೊರಿಯನ್ನು ಸೇರುತ್ತವೆ. ಜಾಗ ತುಂಬಿದರೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದು ಎಲ್ಲ ಮನೆಗಳಲ್ಲಿಯೂ ಉಂಟು. ಹೀಗೆ ಅಳಿಸಿ ಬರೆಯುವುದಕ್ಕೆ ಒಂದು ಮಿತಿಯಿದೆಯೆಂಬುದನ್ನು ಬಲ್ಲವರು ವಿರಳ.

ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು 1984ರಲ್ಲಿ ಈ ಮೆಮೊರಿಯನ್ನು ಲೋಕಕ್ಕೆ ಪರಿಚಯಿಸಿದರು. ಇದರ ಸೂಕ್ಷ್ಮ ಕೋಶಗಳಲ್ಲಿ ತೆಳುವಾದ ಪೊರೆಯೊಂದರ ಹಿಂದೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಬರವಣಿಗೆ. ಅವುಗಳನ್ನು ಹೊರದೂಡುವುದೇ ಅಳಿಸುವಿಕೆ. ಎರಡು ಸಲವೂ ಅವು ಪೊರೆಯನ್ನು ತೂರಿಯೇ ಹೋಗಬೇಕಾದುದರಿಂದ ಪೊರೆ ಕ್ರಮೇಣ ಜೀರ್ಣವಾಗುತ್ತದೆ. ಓದುವುದರಿಂದ ಆಗುವ ಸವೆತ ಅತ್ಯಲ್ಪ. ಕೋಶಕ್ಕೆ ಒಂದೇ ಬಿಟ್ ಹಿಡಿಸಿದ ಬಗೆಯು ಸುಮಾರು 1,00,000 ಸಲ ಅಳಿಸಿ ಬರೆಯುವುದನ್ನು ತಾಳಬಲ್ಲದು. ಮೂರು ಬಿಟ್ ಹಿಡಿಸಿದ ಅಗ್ಗದ ಬಗೆಯು ಸಾಮಾನ್ಯವಾಗಿ ಕೆಲವೇ ಸಾವಿರ ಸಲ.

ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಅದರಲ್ಲಿ ತಪ್ಪಿದ ಸಾಲೊಂದನ್ನೇ ಒರಸಿ ತಿದ್ದಬಹುದಿತ್ತು. ಫ್ಲ್ಯಾಶಿನಲ್ಲಿ ಆ ಸೌಕರ್ಯವಿಲ್ಲ. ಬರೆಯುವುದು ಪುಟಪುಟವಾಗಿ, ಅಳಿಸುವುದು ಮಾತ್ರ ಅನೇಕ ಪುಟಗಳ ಇಡೀ ಕಟ್ಟನ್ನು. ಕಟ್ಟಿನಲ್ಲಿ ಬೇಕಾದ ಪುಟಗಳಿದ್ದರೆ ಮೊದಲು ಅವನ್ನು ಬೇರೆಡೆಗೆ ನಕಲು ಮಾಡಬೇಕು. ಬರಿದಾದ ಜಾಗ ಕಡಿಮೆಯಾದಷ್ಟೂ ಈ ನಕಲಿನ ಕೆಲಸವೂ ಸವೆತವೂ ಹೆಚ್ಚು.

ಯಾವ ಕಡತ ಎಲ್ಲಿದೆಯೆಂದು ಲೆಕ್ಕವಿಡುವ ಕುಲಕರ್ಣಿಯೇ ಫೈಲ್ ಸಿಸ್ಟಮ್. ಒಂದು ಚಿತ್ರವನ್ನು ಕೂಡಿಸಿದರೆ ಅದರ ಹೆಸರು, ವೇಳೆ, ಸ್ಥಳ ಇವನ್ನೆಲ್ಲ ಅದು ಪಟ್ಟಿಯಲ್ಲಿ ಬರೆಯುತ್ತದೆ. ಆ ಪಟ್ಟಿಯ ತಿದ್ದುಪಡಿ ಸದಾ ಒಂದೇ ಕೋಶಗಳಲ್ಲಿ ನಡೆದರೆ ಅವು ಬೇಗನೆ ಸಾಯುತ್ತವೆ. ಇಲ್ಲಿಯೇ ಮಧುಕರಿ ಬೇಕಾಗುವುದು. ಮೆಮೊರಿಯನ್ನು ನಿಯಂತ್ರಿಸುವ ಚಿಪ್ಪು ಬರವಣಿಗೆಯ ಭಾರವನ್ನು ಎಲ್ಲ ಕಟ್ಟುಗಳಿಗೂ ಸರಿಸುಮಾರಾಗಿ ಹಂಚುತ್ತದೆ. ಸ್ಯಾಮ್‌ಸಂಗ್ 2012ರಲ್ಲಿ ಲಿನಕ್ಸಿಗಾಗಿ ಹೊರತಂದ ಎಫ್‌ಟುಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮನ್ನು ಫ್ಲ್ಯಾಶಿನ ಈ ಗುಣವನ್ನು ಅರಿತೇ ರಚಿಸಲಾಗಿದೆ.

ಆದರೆ ಹಂಚಿದ ಭಾರವೂ ಮಿತಿಮೀರಬಲ್ಲದು. 2021ರಲ್ಲಿ ಅಮೆರಿಕದ ಟೆಸ್ಲಾ ಕಂಪನಿಯು ಸುಮಾರು 1,35,000 ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಅವುಗಳಲ್ಲಿದ್ದ 8 ಗಿಗಾಬೈಟಿನ ಫ್ಲ್ಯಾಶ್ ಮೆಮೊರಿ ದಿನದಿನದ ಬಳಕೆಯಿಂದ ಸವೆದು ಹೋಗುತ್ತಿತ್ತು. ಆಗ ಕಾರಿನ ಪರದೆ ನಿಂತು, ಹಿಂಬದಿಯ ದೃಶ್ಯವೇ ಚಾಲಕನಿಗೆ ಕಾಣದಾಗುತ್ತಿತ್ತು.

ಗೃಹಸ್ಥರು ಇದಕ್ಕಾಗಿ ಹೆದರಬೇಕಾದುದಿಲ್ಲ. ಸಾಧಾರಣ ಬಳಕೆಯಲ್ಲಿ ಫೋನು ವರ್ಷಗಟ್ಟಲೆ ಬಾಳುತ್ತದೆ. ಮೆಮೊರಿಯನ್ನು ಕಂಠಮಟ್ಟ ತುಂಬದೆ ಒಂದಿಷ್ಟು ಜಾಗ ಬಿಟ್ಟಿರುವುದು ಲೇಸು. ಹಗಲಿರುಳು ಚಿತ್ರ ತೆಗೆಯುವ ಕಾವಲು ಕ್ಯಾಮೆರಾಗಳಿಗೆ ಹೆಚ್ಚು ಬಾಳಿಕೆಯ ಕಾರ್ಡನ್ನೇ ಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಳೆದರೆ ಮರಳಿ ಬಾರದುದಕ್ಕೆ ಬೇರೊಂದು ಕಡೆ ಪ್ರತಿಯಿರಬೇಕು. ಸವೆದ ಮೆಮೊರಿಯ ಬದಲು ಹೊಸದು ಅಂಗಡಿಯಲ್ಲಿ ಸಿಕ್ಕೀತು. ಸಂಗಮದ ಮೆಟ್ಟಿಲ ಮೇಲೆ ಕುಳಿತು ಹಾಡಿದ ಅಜ್ಜಿಯ ದನಿ ಸಿಕ್ಕುವುದಿಲ್ಲ.